ವಿರೋಧದ ಕಡೆಗೆ ಮೂರು ನಿಮಿಷ

ಹರಿಹರದಲ್ಲಿ, ರೈಲು ಹಳಿಗೆ ಹತ್ತಿರದ ಒಂದು ಓಣಿಯಲ್ಲಿ, ಪಿ.ಟಿ. ಮೇಷ್ಟರ ಮನೆಯ ಗೇಟಿನ ಒಳಗೆ, ನೀರಿನ ತೊಟ್ಟಿಯ ಪಕ್ಕ ನಾನು ನಿಂತಿದ್ದೆ. ಕಳೆದ ವರ್ಷದ ಶ್ರಾವಣ, ಭಾನುವಾರ, ಬೆಳಗಿನ ಹತ್ತೂವರೆ ದಾಟಿತ್ತು. ಮೋಡವಿತ್ತು, ಮಳೆ ಇರಲಿಲ್ಲ, ಬೆಳಕು ಚೆನ್ನಾಗಿತ್ತು. ಎಡಗಣ್ಣಿನ ಪೊರೆಯನ್ನು ಯುಗಾದಿಗೆ ಮುಂಚೆಯೇ ತೆಗೆಸಿದ್ದೆ, ಕನ್ನಡಕ ಹಾಕಿಕೊಂಡಿದ್ದೆ. ಗೇಟಿನ ಎರಡು ಕಂಬಗಳೂ ನನ್ನಿಂದ ಒಂದೆರಡು ಮಾರು ದೂರದಲ್ಲಿದ್ದವು. ನನಗೂ ಬಲಗಡೆಯ ಕಂಬಕ್ಕೂ ನಡುವೆ ಯಾರೂ ಇರಲಿಲ್ಲ.

ಇಷ್ಟನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಅಲ್ಲಿ ಯಾರೂ ಯಾರನ್ನೂ ಮುಟ್ಟಲಿಲ್ಲ ಎಂಬ ಮಾತು ಈಗ ಹರಿಹರದಲ್ಲೂ ದಾವಣಗೆರೆಯಲ್ಲೂ ಗಟ್ಟಿಯಾಗಿ ನಿಂತುಬಿಟ್ಟಿದೆ. ನಾನು ಕಂಡದ್ದು ಬೇರೆ.

ಆ ಮನೆಯ ಹಿಂದಿನ ಕೋಣೆಯಲ್ಲಿ ಟೈಲ್ಸ್ ಕೂರಿಸುವ ಒಬ್ಬನು ಹೆಂಡತಿಯ ಜೊತೆ ಬಾಡಿಗೆಗೆ ಇದ್ದ. ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯವನು, ಮುಸಲ್ಮಾನ. ಓಣಿಯವರು ಬಂಗಾಲಿ ಎಂದು ಕರೆಯುತ್ತಿದ್ದರು, ಅವನು ಓಗೊಡುತ್ತಿದ್ದ. ಮನೆಯ ಯಜಮಾನ ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ನಾನು ಅಲ್ಲಿಯೇ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಕೋಣೆ ಕೊಡುವಾಗ ಪಿ.ಟಿ. ಮೇಷ್ಟ್ರು ಹಾಕಿದ ಕರಾರು ಒಂದೇ, ಮನೆಯಲ್ಲಿ ಮೀನು ಬೇಯಿಸುವಂತಿಲ್ಲ. ಬಂಗಾಲಿಗಳಿಗೆ ಅದು ಎಷ್ಟು ದೊಡ್ಡ ಮಾತೆಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಒಪ್ಪಿಕೊಂಡರು. ಆರು ವರ್ಷ ಹಾಗೆಯೇ ಇದ್ದರು.

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿರುವ ನನ್ನ ಮನೆಯ ಅಡುಗೆಮನೆಗೆ ನೆಲ ಹಾಕಿದ್ದು ಅವನೇ. ಒಂದು ಸಾಲು ಕೂರಿಸಿ ಮುಗಿಸಿದ ಮೇಲೆ ಮಂಡಿಯೂರಿ, ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿ ಕೇಳುತ್ತಿದ್ದ. ಒಳಗೆ ಸಿಮೆಂಟು ತುಂಬದೆ ಸದ್ದು ಬೇರೆ ಬಂದರೆ "ಸಾರ್, ಪೊಳ್ಳು" ಎಂದು ಹೇಳಿ ತಾನೇ ಕಿತ್ತು ಹಾಕುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡವೆಲ್ಲ ಕೆಲಸದ ಕನ್ನಡ. ನೀರು, ಮರಳು, ಎಳಿ, ಬಿಡು, ನಾಳೆ ಬರ್ತೀನಿ. ಮುಖ ನೋಡಿ ಮಾತಾಡಿದರೆ ಅವನಿಗೆ ತಿಳಿಯುತ್ತಿತ್ತು, ಫೋನಿನಲ್ಲಿ ತಿಳಿಯುತ್ತಿರಲಿಲ್ಲ. ಮಹಡಿ ಮೆಟ್ಟಿಲಿಗೆ ಕಲ್ಲು ಹಾಕಿಸುವುದಿತ್ತು. ದಿನ ಗೊತ್ತು ಮಾಡಿಕೊಳ್ಳಲು ಆ ಭಾನುವಾರ ನಾನೇ ಹರಿಹರಕ್ಕೆ ಬಸ್ಸು ಹತ್ತಿದ್ದು ಅದಕ್ಕೇ.

ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದನ್ನು ಹೇಳಬೇಕು. ಪಿ.ಟಿ. ಮೇಷ್ಟರ ಒಬ್ಬಳೇ ಮಗಳು ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದಳು. ಚರ್ಚಾಸ್ಪರ್ಧೆಯ ಹುಡುಗಿ. ಆರನೆಯ ಇಯತ್ತೆಯಿಂದ ವೇದಿಕೆ ಹತ್ತಿದವಳು. ಸ್ಪರ್ಧೆಗಳಲ್ಲಿ ಸಮಯ ನೋಡಿ ಗಂಟೆ ಬಾರಿಸಲು ನಿವೃತ್ತಿಯ ನಂತರವೂ ನನ್ನನ್ನು ಕರೆಯುತ್ತಾರೆ, ಹಾಗಾಗಿ ಅವಳ ಮಾತನ್ನು ಅನೇಕ ಸಲ ಕೇಳಿದ್ದೇನೆ. ಕೆ.ಬಿ. ಬಡಾವಣೆಯ ಒಂದು ಸಭಾಂಗಣದಲ್ಲಿ ಆ ಸಲದ ವಿಷಯ: ಅಕ್ರಮ ವಲಸಿಗರಿಂದ ನಾಡಿಗೆ ಅಪಾಯವಿದೆ.

ನಮ್ಮ ಕಡೆ ಚರ್ಚಾಸ್ಪರ್ಧೆಯ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಸ್ಟೀಲಿನ ಡಬ್ಬಿಯಲ್ಲಿ ಚೀಟಿಗಳಿರುತ್ತವೆ. ಪರ ಎಂದು ಬಂದರೆ ಪರವಾಗಿ ಮಾತಾಡಬೇಕು, ವಿರೋಧ ಬಂದರೆ ವಿರೋಧವಾಗಿ. ನಿನಗೆ ಏನನ್ನಿಸುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಿನಿಮಾದಿಂದ ಮಕ್ಕಳು ಕೆಡುತ್ತಾರೆ ಎಂದು ಮೇಜು ಕುಟ್ಟಿ ಬಹುಮಾನ ತೆಗೆದುಕೊಂಡವನು ಸಂಜೆ ಸಿನಿಮಾಕ್ಕೆ ಹೋಗುತ್ತಾನೆ. ಅದರಲ್ಲಿ ತಪ್ಪಿದೆ ಎಂದು ನಮಗೆ ಯಾವತ್ತೂ ಹೊಳೆದಿಲ್ಲ.

ಹುಡುಗಿಗೆ ಪರ ಬಂತು. ಮೂರು ನಿಮಿಷ. ಚೆನ್ನಾಗಿ ಮಾತಾಡಿದಳು. ಕೊನೆಗೆ ದನಿ ತಗ್ಗಿಸಿ ಹೀಗೆಂದಳು: "ದೂರದ ಗಡಿಯ ಮಾತು ಬಿಡಿ. ಹರಿಹರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಾರೆ. ರಾತ್ರಿ ಹತ್ತು ಜನ ಬರುತ್ತಾರೆ, ಬೆಳಗ್ಗೆ ಬೇರೆ ಹತ್ತು ಜನ ಹೋಗುತ್ತಾರೆ. ಎಲ್ಲಿಂದ ಬಂದಿರಿ ಎಂದು ನಮ್ಮಪ್ಪ ಕೇಳಲಿಲ್ಲ. ನೀವು ಕೇಳಿದ್ದೀರಾ?" ಸಭೆ ಚಪ್ಪಾಳೆ ಹೊಡೆಯಿತು. ಹತ್ತು ಜನ ಇಲ್ಲವೆಂದು ಆ ಸಭೆಯಲ್ಲಿ ಗೊತ್ತಿದ್ದವರು ಅವಳೂ ನಾನೂ ಇಬ್ಬರೇ. ಮಾತಿಗೆ ಬಣ್ಣ ಬೇಕು, ಹಾಕಿದ್ದಾಳೆ ಎಂದುಕೊಂಡೆ. ಅವಳಿಗೆ ಮೊದಲ ಬಹುಮಾನ ಬಂತು.

ಗೆಳತಿಯರು ಹೆಮ್ಮೆಯಿಂದ ಅವಳ ಮಾತಿನ ವಿಡಿಯೋ ಹಾಕಿದರು. ಅದನ್ನು ಯಾರೋ ಕತ್ತರಿಸಿದರು. ಹಿಂದಿನ ಬ್ಯಾನರ್ ಹೋಯಿತು, "ಪರವಾಗಿ ಮಾತನಾಡಲು ಬಂದಿದ್ದೇನೆ" ಎಂಬ ಮೊದಲ ವಾಕ್ಯವೂ ಹೋಯಿತು. ಉಳಿದದ್ದು ಹಿಂದಿನ ಕೋಣೆ, ಹತ್ತು ಜನ, ಹರಿಹರ.

ನಾವು ಐದಾರು ಮಂದಿ ವಾಕಿಂಗ್ ಮುಗಿಸಿ ಬಿ ಬ್ಲಾಕಿನ ಹೋಟೆಲಿನಲ್ಲಿ ಕೂರುತ್ತೇವೆ. ಆ ವಿಡಿಯೋ ಅಲ್ಲಿಗೂ ಬಂತು.

"ನೋಡ್ರಿ, ಸಣ್ಣ ಹುಡುಗಿ, ಎಷ್ಟ್ ಧೈರ್ಯ ಐತೆ. ಮನೆಯಾಗಿಂದು ಹೊರಗ ಇಟ್ಟಾಳ," ಎಂದರು ರಿಟೈರ್ಡ್ ಇಂಜಿನಿಯರ್.

"ಅದು ಸ್ಪರ್ಧೆದು ಮಾರಾಯ್ರೆ. ಅವರು ಬಂಗಾಳದವ್ರು, ನಮ್ಮ ದೇಶದವ್ರೇ," ಎಂದೆ.

"ಬಂಗಾಳದಾಗ ಕಲ್ಕತ್ತಾ ಒಂದು ನಮ್ದೈತೆ. ಮಿಕ್ಕಿದ್ದೆಲ್ಲ ಅವರದೇ ಅಂತ ಓದೀನಿ," ಎಂದರು ಅಡಿಕೆ ಮಂಡಿಯವರು.

"ಎಲ್ಲಿ ಓದಿದ್ರಿ?"

"ಬಂದಿತ್ರೀ ಫೋನಿನ್ಯಾಗ."

ಆಗ ನಮ್ಮ ಬಡಾವಣೆ ಕಾಯುವ ಗೂರ್ಖಾ ಚಹಾಕ್ಕೆ ಬಂದು ಸೆಲ್ಯೂಟ್ ಹೊಡೆದ. ಇಂಜಿನಿಯರ್ ಅವನಿಗೂ ಒಂದು ಚಹಾ ಹೇಳಿದರು. ಇವನು ನೇಪಾಳದವನು, ಆ ದೇಶವೇ ಬೇರೆ ಎಂದು ನಾನೆಂದರೆ ಎಲ್ಲರೂ ನಕ್ಕರು. "ಅವ್ನನ್ನ ಬಿಡ್ರಿ. ಅವ್ನು ನಮ್ಮವ್ನು." ಗೂರ್ಖಾನೂ ನಕ್ಕ.

ಇನ್ನು ಭಾನುವಾರ. ನಾನು ಹೋಗಿ ತೊಟ್ಟಿಯ ಪಕ್ಕ ನಿಂತು ಬಂಗಾಲಿಯ ಜೊತೆ ಮೆಟ್ಟಿಲಿನ ಮಾತಾಡಿ ಮುಗಿಸಿದ್ದೆ. ಬುಧವಾರ ಬರುತ್ತೇನೆಂದು ಹೇಳಿ ಅವನು ಹಿಂದಿನ ಕೋಣೆಗೆ ಹೋದ. ಪಿ.ಟಿ. ಮೇಷ್ಟ್ರು ಒಳಗಿನಿಂದ ಕುರ್ಚಿ ತರುತ್ತಿದ್ದರು. ಆಗ ಗೇಟಿನ ಮುಂದೆ ಬೈಕುಗಳು ನಿಂತವು. ಹತ್ತು ಹನ್ನೆರಡು ಮಂದಿ. ಇಬ್ಬರು ನಮ್ಮ ಶಾಲೆಯಲ್ಲಿ ಓದಿದವರು; ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಒಳಗೆ ಬಂದರು.

"ನಮಸ್ಕಾರ ಸಾರ್. ನೀವೂ ಇಲ್ಲೇ ಅದೀರಿ? ಚಲೋ ಆತು, ಹಿರಿಯರು ಇದ್ದಂಗಾತು."

"ಏನಪಾ, ಇಷ್ಟ್ ಮಂದಿ? ಬರ್ರಿ, ಕೂಡ್ರಿ, ಚಾ ಕುಡೀರಿ," ಎಂದರು ಪಿ.ಟಿ. ಮೇಷ್ಟ್ರು.

"ಚಾ ಬ್ಯಾಡ್ ಸಾರ್. ಹಿಂದಿನ ಕ್ವಾಣಿಯವ್ರನ್ನ ಕರೀರಿ. ಎರಡು ಮಾತು ಕೇಳಿ ಹೊಕ್ಕೀವಿ."

ಅವರು ಕರೆಯುವ ಮೊದಲೇ ಬಂಗಾಲಿ ಬಂದ. ಇಂಥ ಕರೆ ಅವನಿಗೆ ಹೊಸದಲ್ಲವೆಂದು ಕಾಣುತ್ತದೆ, ಆಧಾರ್ ಮತ್ತು ಮತದಾರರ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡೇ ಬಂದಿದ್ದ. ಕಂದು ಶರ್ಟಿನ ಒಬ್ಬ ಅದನ್ನು ತೆಗೆದುಕೊಂಡ.

"ಮಾಲ್ದಾ ಅಂತೈತೆ. ಇದು ಎಲ್ಲಿ ಬರ್ತೈತೋ?"

"ಬಾರ್ಡರಿನ್ಯಾಗ."

"ಬಾರ್ಡರ್ ಅಂದ್ರ ಈ ಕಡೀಗೋ ಆ ಕಡೀಗೋ?"

"ಮಾಲ್ದಾ ನಮ್ಮ ದೇಶದಾಗೈತೆ," ಎಂದು ನಾನು ಹೇಳಿದೆ. "ನಾನೇ ನಿಮಗ ಮ್ಯಾಪಿನ್ಯಾಗ ತೋರಿಸೀನಲ್ಲಪ್ಪ."

ನಮ್ಮ ಶಾಲೆಯ ಹುಡುಗ, ಈಗ ಹುಡುಗನಲ್ಲ, ಅವನಿಗೂ ಮಕ್ಕಳಿದ್ದಾರೆ, ಗೌರವದಿಂದಲೇ ಉತ್ತರ ಕೊಟ್ಟ. "ಸಾರ್, ನೀವು ಕಲಿಸಿದ ಮ್ಯಾಪು ಹಳೇದಾತು."

ಎದುರಿಗೆ ವೆಲ್ಡಿಂಗ್ ಅಂಗಡಿ. ಅದರ ಸಾಹೇಬರು ಹರಿಹರದಲ್ಲೇ ಹುಟ್ಟಿ ಬೆಳೆದವರು. ಬಂಗಾಲಿಯ ಮಾತು ತಮ್ಮ ಉರ್ದುವಿಗೆ ಹೊಂದುವುದಿಲ್ಲವೆಂದು ಅವನೊಂದಿಗೆ ಅಷ್ಟಕ್ಕಷ್ಟೆ ಇದ್ದವರು. ಅವರು ಕೈಯಲ್ಲಿದ್ದ ವೆಲ್ಡಿಂಗ್ ಮುಖಗವಸನ್ನು ಕೆಳಗಿಟ್ಟು ಗೇಟಿನವರೆಗೆ ಬಂದು, "ಬಿಡ್ರಪ್ಪ, ಬಡವ ಅದಾನ" ಎಂದರು. ಒಬ್ಬ ತಿರುಗಿ, "ಸಾಹೇಬ್ರೆ, ಮುಂದಿನ ಭಾನುವಾರ ನಿಮ್ಮ ಮನಿಗೇ ಬರ್ತೀವಿ, ಚಾ ಇಟ್ಟಿರ್ರಿ" ಎಂದ. ನಗು ಎದ್ದಿತು. ಸಾಹೇಬರು ತಮ್ಮ ಅಂಗಡಿಯ ಬಾಗಿಲಿಗೆ ಹಿಂದಿರುಗಿದರು. ಒಳಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತರು.

ಆಮೇಲೆ ಅವರಲ್ಲೊಬ್ಬ ಹಿಡಿದ ಫೋನಿನಲ್ಲಿ ಹುಡುಗಿಯ ದನಿ ಕೇಳಿತು. ಹಿಂದಿನ ಕೋಣೆ, ಹತ್ತು ಜನ. ಅದನ್ನು ಕೇಳಿ ಹುಡುಗಿಯೇ ಹೊರಗೆ ಬಂದಳು. ಅವಳ ತಾಯಿ ತೋಳು ಹಿಡಿದು ಎಳೆಯುತ್ತಿದ್ದರೂ ನಿಲ್ಲಲಿಲ್ಲ.

"ಅಣ್ಣಾ, ಅದು ಚರ್ಚಾಸ್ಪರ್ಧೆ. ನಂಗೆ ಪರ ಬಂದಿತ್ತು. ವಿರೋಧ ಬಂದಿದ್ರೆ ವಿರೋಧ ಮಾತಾಡ್ತಿದ್ದೆ."

"ಅಂದ್ರ ಏನವ್ವಾ, ನೀ ಹೇಳಿದ್ದು ಸುಳ್ಳಾ?"

"ಸುಳ್ಳು. ಹತ್ತು ಜನ ಯಾರೂ ಇಲ್ಲ. ಅಣ್ಣ, ಅಕ್ಕ, ಇಬ್ರೇ ಇರೋದು."

"ಸುಳ್ಳಿಗೆ ಫಸ್ಟ್ ಪ್ರೈಜ್ ಕೊಟ್ರಾ?" ಫೋನು ಹಿಡಿದವನು ನನ್ನ ಕಡೆ ತಿರುಗಿದ. "ಹೌದೇನ್ರಿ ಸಾರ್? ಸುಳ್ಳಿಗೆ ಪ್ರೈಜ್ ಕೊಡ್ತೀರಾ ನೀವು?"

"ಅಲ್ಲಿ ಮಾತಿನ ಚಂದ ನೋಡ್ತಾರಪ್ಪ, ನಿಜ ನೋಡಲ್ಲ," ಎಂದೆ.

"ಹಂಗಾರ ಈಗ ನಿಜ ಹೇಳ್ತಾಳೋ ಚಂದ ಹೇಳ್ತಾಳೋ ನಮಗ ಹೆಂಗ್ ತಿಳೀಬೇಕು?"

ಮೂರ್ನಾಲ್ಕು ಮಂದಿ ಹುಡುಗಿಯ ಸುತ್ತ ಬಂದರು. ಕೈ ಮಾಡಲಿಲ್ಲ, ಹತ್ತಿರ ಬಂದರು ಅಷ್ಟೆ. ಬಂಗಾಲಿ ಆಗ ಗೇಟಿಗೆ ಬೆನ್ನು ಮಾಡಿ ಅವರ ಮುಂದೆ ಬಂದ. ಬಲಗೈ ಅಂಗೈಯನ್ನು ತೆರೆದು ಅಡ್ಡ ಹಿಡಿದು, "ಚಿಕ್ಕ ಮಗು. ಅವಳು ಬಿಡು," ಎಂದ. ಕೆಲಸದ ಕನ್ನಡದಲ್ಲಿ ಎಲ್ಲರೂ ಏಕವಚನವೇ.

"ಯಾರಿಗೆ ಬಿಡು ಅಂತೀಯಲೇ?" ಎಂದ ಕಂದು ಶರ್ಟಿನವನು. ಎರಡೂ ಕೈಗಳನ್ನು ಬಂಗಾಲಿಯ ಎದೆಗಿಟ್ಟು ತಳ್ಳಿದ. ಒಂದೇ ಸಲ. ಬಂಗಾಲಿ ಹಿಮ್ಮುಖವಾಗಿ ಎರಡು ಹೆಜ್ಜೆ ಹೋದ. ಗೇಟಿನ ಬಲಗಂಬದ ಮೂಲೆಗೆ ಅವನ ತಲೆಯ ಹಿಂಭಾಗ ಬಡಿಯಿತು. ಕಂಬ ಗ್ರಾನೈಟಿನದು, ಅಂಚು ಹರಿತ. ಸದ್ದು ನನಗೆ ಕೇಳಿಸಿತು. ಅವನು ಕುಸಿದು ಕೂತ. ಮತ್ತೆ ತಾನೇ ಎದ್ದ. ತಲೆಯ ಹಿಂದೆ ಕೈಯಿಟ್ಟು, ಕೈ ನೋಡಿಕೊಂಡ. ರಕ್ತವಿರಲಿಲ್ಲ. "ಏನಿಲ್ಲ, ಏನಿಲ್ಲ," ಎಂದ.

ಇದನ್ನು ನಾನು ಕಂಡೆ. ಬೇರೆಯವರು ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ.

ತಳ್ಳಿದವನ ಮುಖ ಇಳಿದಿತ್ತು. ಅವರು ಅಷ್ಟಕ್ಕೇ ಬೈಕು ಹತ್ತಿ ಹೋಗುತ್ತಿದ್ದರೇನೋ. ಆದರೆ ಹಿಂದೆ ನಿಂತಿದ್ದ ಒಬ್ಬ, ಮದುವೆಮನೆಗಳಲ್ಲಿ ನಗಿಸುವಂಥವನು, ಗಂಟಲು ಸರಿ ಮಾಡಿಕೊಂಡು ಘೋಷಿಸಿದ: "ಪರದವ್ರು ಮಾತಾಡಿ ಆತು. ಈಗ ವಿರೋಧ ಪಕ್ಷದವ್ರು ಮಾತಾಡ್ಲಿ. ನ್ಯಾಯ ಅಂದ್ರ ನ್ಯಾಯ. ಮೂರು ನಿಮಿಷ, ಕನ್ನಡದಾಗ!"

ನಗು ಬಂದದ್ದೇ ಎಲ್ಲರ ಭಾರ ಇಳಿಯಿತು. ಫೋನುಗಳು ಮೇಲೆದ್ದವು. ಈಗ ಊರೆಲ್ಲ ನೋಡಿರುವ ವಿಡಿಯೋ ಶುರುವಾಗುವುದು ಅಲ್ಲಿಂದ.

"ಸಾರ್, ಟೈಮ್ ನೀವೇ ನೋಡ್ರಿ. ನಿಮ್ದೇ ಡ್ಯೂಟಿ ಅದು."

"ಬ್ಯಾಡ್ರಪ್ಪ. ಅವನಿಗೆ ತಲಿಗೆ ಪೆಟ್ಟಾಗೇತಿ. ಮನಿಗೆ ಹೋಗ್ರಿ," ಎಂದೆ. ನನ್ನ ಈ ಮಾತು ವಿಡಿಯೋದಲ್ಲಿ ಕೇಳಿಸುವುದಿಲ್ಲ, ನಗುವಿನಲ್ಲಿ ಮುಚ್ಚಿಹೋಗಿದೆ. ಯಾರೋ ಫೋನಿನಲ್ಲೇ ಸಮಯ ಇಟ್ಟರು.

ಬಂಗಾಲಿಗೆ ಏನು ಕೇಳುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪಿ.ಟಿ. ಮೇಷ್ಟ್ರು, "ಮಾತಾಡಪ್ಪ, ನಿನ್ನ ಬಗ್ಗೆ ಹೇಳು, ಹೋಗ್ತಾರ," ಎಂದರು. ಒಳ್ಳೆಯದಾಗಲೆಂದೇ ಹೇಳಿದರು. ಅವನು ಮಾತಾಡಿದ.

"ನಾನು ಟೈಲ್ಸ್ ಕೆಲಸ. ಹರಿಹರ ಆರು ವರ್ಷ. ಡಾಕ್ಟರ್ ಮನೆ ಮಾಡಿದೆ. ಗುಡಿ ಹಿಂದೆ ಮನೆ ಮಾಡಿದೆ. ದಾವಣಗೆರೆ ಈ ಸಾರ್ ಮನೆ ಮಾಡಿದೆ. ನಿನ್ನ ಅತ್ತೆ ಮನೆ ಮಾಡಿದೆ, ನೀನು ನೋಡಿದೆ," ಎಂದು ಒಬ್ಬನ ಕಡೆ ಕೈ ತೋರಿಸಿದ.

"ನನ್ನ್ಯಾಕ ತರ್ತೀಯೋ ಮಾರಾಯ ನಡುವ!" ಎಂದ ಅವನು. ಉಳಿದವರು ಅವನ ಬೆನ್ನಿಗೆ ಗುದ್ದಿ ನಕ್ಕರು.

ಇನ್ನೆರಡು ಮನೆ ಹೇಳಿದ. ಅಲ್ಲಿಗೆ ಅವನ ಕನ್ನಡ ಮುಗಿಯಿತು. ಕಂಬ ಹಿಡಿದುಕೊಂಡು ನಿಂತ. "ಇನ್ನೂ ಟೈಮ್ ಐತೆ, ಇನ್ನೂ ಐತೆ," ಎಂದು ಕೂಗಿದರು. ಆಗ ಹುಡುಗಿ ಅವನ ಹಿಂದೆ ಬಂದು ನಿಂತಳು. ಮಾತು ಮರೆತವರಿಗೆ ಪರದೆಯ ಹಿಂದಿನಿಂದ ಗೆಳತಿಯರು ಹೇಳಿಕೊಡುತ್ತಾರಲ್ಲ, ಹಾಗೆ ಒಂದೊಂದೇ ವಾಕ್ಯ ಹೇಳಿಕೊಟ್ಟಳು. ಅವನು ಅವಳ ಹಿಂದೆಯೇ ಹೇಳಿದ.

"ನಾನು ಈ ದೇಶದವನು."

"ನಾನು ಈ ದೇಶದವನು."

"ನನ್ನ ಅಪ್ಪ, ನನ್ನ ಅಜ್ಜ ಈ ದೇಶದವರು."

"ಅಪ್ಪ, ಅಜ್ಜ, ಈ ದೇಶ."

"ನಾನು ಕೆಲಸ ಮಾಡಿ ತಿನ್ನುತ್ತೇನೆ."

ಅದನ್ನು ಹೇಳಲು ಹೋಗಿ ನಿಲ್ಲಿಸಿದ. ಕಣ್ಣು ಮುಚ್ಚಿದ. ತೆರೆದ. "ಕೆಲಸ," ಎಂದ. ಮತ್ತೆ "ಕೆಲಸ" ಎಂದ.

"ಮೋಸ, ಮೋಸ! ಹೇಳಿಕೊಡಂಗಿಲ್ಲ!" ಎಂದು ಕೂಗುತ್ತಿರುವಾಗ ಫೋನು ಸದ್ದು ಮಾಡಿತು. ಸಮಯ ಮುಗಿಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ವಿಡಿಯೋ ಅಲ್ಲಿಗೆ ನಿಲ್ಲುತ್ತದೆ. ಅದಾದ ಮೇಲೆ ಹೇಳಿದ ಮಾತು ಅದರಲ್ಲಿಲ್ಲ. ಕಂದು ಶರ್ಟಿನವನು ಪ್ಲಾಸ್ಟಿಕ್ ಕವರನ್ನು ಅವನ ಕೈಗಿಟ್ಟು, "ಸಂಜಿ ಒಳಗ ಖಾಲಿ ಮಾಡು" ಎಂದ. ಪಿ.ಟಿ. ಮೇಷ್ಟರಿಗೆ ಕೈ ಮುಗಿದು, "ನಿಮ್ಮ ಮ್ಯಾಲೆ ಸಿಟ್ಟಿಲ್ಲ ಸಾರ್" ಎಂದ. ನಮ್ಮ ಶಾಲೆಯ ಇಬ್ಬರೂ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ಆಸ್ಪತ್ರೆಗೆ ಹೋಗೋಣ ಎಂದು ನಾನು ಎರಡು ಸಲ ಹೇಳಿದೆ. ಬಂಗಾಲಿ ಬೇಡವೆಂದ. ತಲೆ ಸ್ವಲ್ಪ ನೋವು, ರೈಲಿನಲ್ಲಿ ಮಲಗಿದರೆ ಹೋಗುತ್ತದೆ ಎಂದ. ಪಿ.ಟಿ. ಮೇಷ್ಟ್ರು ಓಣಿಯ ತುದಿಯನ್ನೇ ನೋಡುತ್ತಿದ್ದರು. "ಮೊದ್ಲು ಇಲ್ಲಿಂದ ಹೋಗ್ಲಿ ಸಾರ್. ಊರು ಮುಟ್ಟಿ ತೋರಿಸ್ಕೊಳ್ಳಿ," ಎಂದರು. ಅವನ ಹೆಂಡತಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹುಡುಗಿಯ ತಾಯಿ ದಾರಿಗೆಂದು ಮಂಡಕ್ಕಿಗೆ ಒಗ್ಗರಣೆ ಹಾಕಿ ಕಟ್ಟಿಕೊಟ್ಟರು. ಆಟೋ ಹತ್ತುವ ಮುಂಚೆ ಅವನು ಚರಂಡಿಯ ಪಕ್ಕ ಕೂತು ವಾಂತಿ ಮಾಡಿದ. ಬೆಳಗ್ಗೆ ಏನೂ ತಿಂದಿಲ್ಲ, ಅದಕ್ಕೆ ಎಂದು ಅವನೇ ಸಮಾಧಾನ ಹೇಳಿದ.

ಹುಬ್ಬಳ್ಳಿಗೆ ಹೋಗಿ ಹೌರಾ ಗಾಡಿ ಹಿಡಿದರು. ಬುಧವಾರ ಹುಡುಗಿಯ ಫೋನಿಗೆ ಅವನ ಹೆಂಡತಿಯ ಕರೆ ಬಂತು. ಆಂಧ್ರದ ಒಂದು ಊರಿನ ಸರ್ಕಾರಿ ಆಸ್ಪತ್ರೆಯಿಂದ. ಗಾಡಿಯಲ್ಲಿ ಮಲಗಿದವನು ಎಬ್ಬಿಸಿದರೆ ಏಳಲಿಲ್ಲ. ಇಳಿಸಿ ಒಯ್ದರು. ತಲೆಯೊಳಗೆ ರಕ್ತ ತುಂಬಿತ್ತೆಂದು ಅಲ್ಲಿಯ ಡಾಕ್ಟರು ಹೇಳಿದ್ದರು.

ಅವನು ಸತ್ತ ಸುದ್ದಿ ಹರಿಹರಕ್ಕೆ ಬಂದಾಗ ಎಲ್ಲರೂ ಆ ವಿಡಿಯೋ ತೆಗೆದು ನೋಡಿದರು. ನಮ್ಮ ಹೋಟೆಲಿನಲ್ಲೂ ತೆಗೆದರು. "ನೋಡ್ರಿ, ಯಾರು ಮುಟ್ಯಾರ? ಮೂರು ನಿಮಿಷ ನಿಂತು ಭಾಷಣ ಮಾಡ್ಯಾನ. ಚಪ್ಪಾಳಿ ಹೊಡೆದು ಕಳಿಸ್ಯಾರ," ಎಂದರು ಇಂಜಿನಿಯರ್. ವಿಡಿಯೋ ಶುರುವಾಗುವ ಮುಂಚೆ ತಳ್ಳಿದರು, ನಾನು ಅಲ್ಲಿದ್ದೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿಮಗ ವಯಸ್ಸಾತು ಸಾರ್. ವಿಡಿಯೋಕ್ಕಿಂತ ಸಾಕ್ಷಿ ಬೇಕೇನ್ರಿ?"

ನಾನು ಠಾಣೆಗೆ ಹೋದೆ. ಕೂರಿಸಿ ಕೇಳಿಕೊಂಡರು. ಸತ್ತದ್ದು ಬೇರೆ ರಾಜ್ಯದಲ್ಲಿ, ಆದರೂ ಬರೆದು ಕೊಡಿ ಎಂದರು. ಬರೆದುಕೊಟ್ಟೆ. ಆಮೇಲೆ ಕೇಳಿದರು, ನಿಮ್ಮನ್ನು ಬಿಟ್ಟು ಬೇರೆ ಯಾರು ನೋಡಿದ್ದಾರೆ? ಆ ಹೊತ್ತು ಯಾರ ಹೆಸರನ್ನೂ ನಾನು ಹೇಳಲಿಲ್ಲ, ಪಿ.ಟಿ. ಮೇಷ್ಟ್ರು ಹಿಂದಿನ ಸಂಜೆ ನನ್ನ ಮನೆಗೆ ಬಂದು, "ಸಾರ್, ನಂಗ ಮಗಳದಾಳ" ಎಂದಷ್ಟೇ ಹೇಳಿ ಹೋಗಿದ್ದರು. ಇಲ್ಲಿಯೂ ಹೆಸರು ಬರೆಯುವುದಿಲ್ಲ. ಎಲ್ಲಿ ನಿಂತಿದ್ದರು ಎಂದು ಬರೆಯುತ್ತೇನೆ.

ಎದುರು ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಒಬ್ಬ ಅಜ್ಜಿ ಕೂತಿದ್ದರು. ಬಲಗಂಬ ಅವರಿಗೆ ನೇರ ಎದುರು. ತಳ್ಳಿದಾಗ "ಅಯ್ಯೋ ಶಿವನೇ" ಎಂದದ್ದು ಅವರೇ. ಯಾರು ಕೇಳಿದರೂ ಹೇಳುತ್ತೇನೆ ಎನ್ನುತ್ತಿದ್ದರು. ಯಾರೂ ಕೇಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡರು.

ಉಳಿದವರೆಲ್ಲ ಇದ್ದಾರೆ. ವೆಲ್ಡಿಂಗ್ ಅಂಗಡಿಯ ಸಾಹೇಬರು, ತಮ್ಮ ಬಾಗಿಲಲ್ಲಿ. ಪಿ.ಟಿ. ಮೇಷ್ಟ್ರು, ಕುರ್ಚಿ ಹಿಡಿದು ನನ್ನ ಎಡಕ್ಕೆ. ಅವರ ಹೆಂಡತಿ, ಹೊಸ್ತಿಲಲ್ಲಿ. ನಮ್ಮ ಶಾಲೆಯಲ್ಲಿ ಓದಿದ ಇಬ್ಬರು, ಗೇಟಿನ ಒಳಗೆ ಬರಿಗಾಲಲ್ಲಿ. ಸತ್ತವನ ಹೆಂಡತಿ, ಹಿಂದಿನ ಕೋಣೆಗೆ ಹೋಗುವ ಸಂದಿಯಲ್ಲಿ; ಈಗ ಮಾಲ್ದಾದಲ್ಲಿ ಅತ್ತೆಯ ಜೊತೆ ಇದ್ದಾಳೆ. ಹುಡುಗಿ, ಅವನ ಅಡ್ಡ ಚಾಚಿದ ಕೈಯ ಹಿಂದೆ. ಹದಿನೆಂಟು ತುಂಬಿದ ಮೇಲೆ ತಾನೇ ಹೋಗಿ ಹೇಳುತ್ತೇನೆ ಎಂದಿದ್ದಾಳೆ. ಮತ್ತೆ ಕಂದು ಶರ್ಟಿನವನು. ಎಲ್ಲರಿಗಿಂತ ಹತ್ತಿರದಿಂದ ಕಂಡವನು ಅವನೇ. ಅವನೂ ಇದ್ದಾನೆ.